ಈ ಬ್ಯಾಗ್ ಯಾರದು?

ಬೈಬಲ್ ತೆಗೆಯಿರಿ. ಮೊಬೈಲಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿಕೊಳ್ಳಿ. ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ, 26 ಮತ್ತು 27ನೇ ವಚನ. ಆ ಪುಟ ಹಾಗೇ ತೆರೆದಿರಲಿ, ಈಗ ಅಲ್ಲಿಗೆ ಬರ್ತೇನೆ.

ನಿಮ್ಮಲ್ಲಿ ವಿಮಾನದಲ್ಲಿ ಹೋದವರು ಎಷ್ಟು ಜನ ಇದ್ದೀರಿ? ಹಾಗಾದರೆ ಇದನ್ನು ನೋಡಿರ್ತೀರಿ. ನಮ್ಮ ದೇಶದಲ್ಲಿ ಕೆಲವು ವಿಮಾನಗಳು ನಡುವೆ ಒಂದು ಊರಲ್ಲಿ ನಿಂತು ಮುಂದಕ್ಕೆ ಹೋಗ್ತವೆ. ಕೆಲವರು ಇಳೀತಾರೆ, ಮುಂದಿನ ಊರಿನವರು ಸೀಟಲ್ಲೇ ಕೂತಿರ್ತಾರೆ. ಹೊಸಬರು ಹತ್ತೋ ಮುಂಚೆ ಸಿಬ್ಬಂದಿ ಬಂದು, ತಲೆ ಮೇಲಿನ ಲಗೇಜ್ ಜಾಗ ತೆರೆದು, ಒಂದೊಂದೇ ಬ್ಯಾಗ್ ಮುಟ್ಟಿ ಕೇಳ್ತಾರೆ: "ಇದು ಯಾರದು?" ಒಬ್ಬರು ಕೈ ಎತ್ತಬೇಕು. ಯಾರೂ ಎತ್ತದಿದ್ದರೆ ಆ ಬ್ಯಾಗ್ ಕೆಳಗೆ ಇಳಿಯುತ್ತೆ.

ಎಷ್ಟೋ ಸಲ ಅದರ ಯಜಮಾನ ವಿಮಾನದಲ್ಲೇ ಇರ್ತಾನೆ! ತನ್ನ ಸೀಟಿನ ಮೇಲೆ ಜಾಗ ಸಿಗದೆ ಆರು ಸಾಲು ಹಿಂದೆ ಇಟ್ಟಿರ್ತಾನೆ. ಇಲ್ಲವೇ ಟಾಯ್ಲೆಟ್‌ಗೆ ಹೋಗಿರ್ತಾನೆ, ಕಿವಿಗೆ ಇಯರ್‌ಫೋನ್ ಹಾಕಿ ನಿದ್ದೆ ಮಾಡ್ತಿರ್ತಾನೆ. ವಿಮಾನ ಇಳಿದ ಮೇಲೆ ಮೇಲೆ ನೋಡಿದರೆ ಬ್ಯಾಗ್ ಇಲ್ಲ. ಲ್ಯಾಪ್‌ಟಾಪ್, ಮಾರ್ಕ್ಸ್ ಕಾರ್ಡ್, ಅಮ್ಮನ ಮಾತ್ರೆ, ಎಲ್ಲ ಹಿಂದಿನ ಊರಲ್ಲೇ ಉಳಿದಿರುತ್ತೆ.

ಸಿಬ್ಬಂದಿ ಕೆಟ್ಟವರಾ? ಇಲ್ಲ. ಅವರ ಭಯಕ್ಕೆ ಕಾರಣ ಇದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡ್ ಸಮುದ್ರತೀರದ ಆಚೆ ಆಕಾಶದಲ್ಲೇ ಸಿಡಿದುಹೋಯಿತು. 329 ಪ್ರಾಣ ಹೋಯಿತು. ಬಾಂಬ್ ಇದ್ದದ್ದು ಒಂದು ಸೂಟ್‌ಕೇಸಿನಲ್ಲಿ. ಅದನ್ನು ಚೆಕ್‌ಇನ್ ಮಾಡಿದವನು ವಿಮಾನ ಹತ್ತಲೇ ಇಲ್ಲ. ಯಜಮಾನ ಇಲ್ಲದ ಬ್ಯಾಗ್ ಅಂದರೆ ಜನ ಯಾಕೆ ಹೆದರ್ತಾರೆ ಅಂತ ಈಗ ಗೊತ್ತಾಯ್ತಲ್ಲ.

ಇನ್ನೊಂದು ವಿಷಯ ಗಮನಿಸಿ. ಕೌಂಟರಿನಲ್ಲಿ ಕೊಡೋ ದೊಡ್ಡ ಬ್ಯಾಗಿಗೆ 10 ಅಂಕಿಯ ಬಾರ್‌ಕೋಡ್ ಚೀಟಿ ಕಟ್ತಾರೆ, ಅದರ ಇನ್ನೊಂದು ತುಂಡು ನಮ್ಮ ಕೈಗೆ ಕೊಡ್ತಾರೆ. ಕೈಯಲ್ಲಿ ಒಳಗೆ ತಂದ 7 ಕಿಲೋ ಬ್ಯಾಗಿಗೆ ಸಾಮಾನ್ಯವಾಗಿ ಅಂಥ ನಂಬರ್ ಇರೋದಿಲ್ಲ. ಅದಕ್ಕೆ ಇರೋ ಗುರುತು ಒಂದೇ: ಯಾರಾದರೂ ಬಾಯಿಬಿಟ್ಟು "ಅದು ನನ್ನದು" ಅನ್ನಬೇಕು.

ಈಗ ವಾಕ್ಯಕ್ಕೆ ಬನ್ನಿ. ಸೌಲನು ಯೆರೂಸಲೇಮಿಗೆ ಬಂದು ಶಿಷ್ಯರ ಜೊತೆ ಸೇರಬೇಕು ಅಂತ ಪ್ರಯತ್ನ ಮಾಡ್ತಾನೆ. ಎಲ್ಲರೂ ಹೆದರ್ತಾರೆ. ಇವನು ನಿಜವಾದ ಶಿಷ್ಯ ಅಂತ ಯಾರೂ ನಂಬೋದಿಲ್ಲ. ಅವರ ಭಯಕ್ಕೂ ಕಾರಣ ಇತ್ತು. ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಒಪ್ಪಿಗೆಯಿಂದ ನಿಂತಿದ್ದವನು ಇವನೇ. ಮನೆಮನೆಗೆ ನುಗ್ಗಿ ವಿಶ್ವಾಸಿಗಳನ್ನು ಎಳೆದುಕೊಂಡು ಹೋದವನು ಇವನೇ. ಯೇಸು ಅವನನ್ನು ಆರಿಸಿಕೊಂಡಾಗಿದೆ, ಆದರೆ ಸಭೆಯೊಳಗೆ ಅವನಿಗಾಗಿ ಕೈ ಎತ್ತೋ ಮನುಷ್ಯ ಒಬ್ಬನೂ ಇಲ್ಲ.

27ನೇ ವಚನ "ಆದರೆ" ಅಂತ ತಿರುಗುತ್ತೆ. ಆದರೆ ಬಾರ್ನಬ! ಬಾರ್ನಬ ಅವನ ಕೈ ಹಿಡಿದು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದ. ದಾರಿಯಲ್ಲಿ ಕರ್ತನನ್ನು ಇವನು ಹೇಗೆ ಕಂಡ, ದಮಸ್ಕದಲ್ಲಿ ಎಷ್ಟು ಧೈರ್ಯವಾಗಿ ಯೇಸುವಿನ ಹೆಸರಲ್ಲಿ ಮಾತಾಡಿದ, ಎಲ್ಲ ಬಿಡಿಸಿ ಹೇಳಿದ. ನೋಡಿ, ಬಾರ್ನಬ ಕಣ್ಣು ಮುಚ್ಚಿಕೊಂಡು ಜಾಮೀನು ಕೊಟ್ಟಿಲ್ಲ. ಸೌಲನ ಕಥೆ ಅವನಿಗೆ ಗೊತ್ತಿತ್ತು. ಬೇರೆಯವರು ಸುದ್ದಿ ಕೇಳಿದ್ದರು, ಬಾರ್ನಬ ಸಾಕ್ಷಿ ಕೇಳಿದ್ದ. ಹಲ್ಲೆಲೂಯಾ!

ಯೌವನಸ್ಥರೇ, ಈಗ ನಮ್ಮ ವಿಷಯಕ್ಕೆ ಬರೋಣ. ಕಳೆದ ತಿಂಗಳು ಆರಾಧನೆ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಊರು ರಾಯಚೂರು ಕಡೆ, ಇಲ್ಲಿ ಪಿಜಿಯಲ್ಲಿ ಇದ್ದಾನೆ. ಕೆಲಸ ಹೋದ ನಾಚಿಕೆಗೆ ಎಂಟು ತಿಂಗಳು ಸಭೆಗೆ ಬಂದಿರಲಿಲ್ಲ. "ಪಾಸ್ಟರ್, ವಾಪಸ್ ಬಂದು ಮೂರು ಭಾನುವಾರ ಆಯ್ತು. ಎಲ್ಲರೂ ನಗ್ತಾರೆ. ಆದರೆ ಪಕ್ಕದಲ್ಲಿ ಯಾರೂ ಕೂರಲ್ಲ. ಇವನು ಏನೋ ಮಾಡಿಕೊಂಡಿದ್ದಾನೆ ಅಂತ ಮಾತಾಡ್ತಾರೆ" ಅಂದ. ಯಾರೂ ಅವನನ್ನು ಹೊರಗೆ ತಳ್ಳಲಿಲ್ಲ. "ಇವನು ಯಾರ ಕಡೆಯವನು?" ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಅಷ್ಟೇ. ಆ ಮೌನವೇ ಅವನನ್ನು ಬಾಗಿಲ ಹತ್ತಿರ ತಂದು ನಿಲ್ಲಿಸಿತ್ತು.

ದೇವರಿಗೆ ಸ್ತೋತ್ರ, ಆ ದಿನ ನಮ್ಮ ಕೀಬೋರ್ಡ್ ನುಡಿಸೋ ಅಣ್ಣ ಅಲ್ಲೇ ನಿಂತಿದ್ದ. "ಪಾಸ್ಟರ್, ಇವನು ನನ್ನ ಜೊತೆ ಊಟಕ್ಕೆ ಬರ್ತಾನೆ" ಅಂದ. ಪ್ರಸಂಗ ಇಲ್ಲ, ಪ್ರವಾದನೆ ಇಲ್ಲ. ಒಂದು ಪ್ಲೇಟ್ ಬಿರಿಯಾನಿ. ಹೋದ ವಾರ ಇಬ್ಬರೂ ಒಂದೇ ಬೈಕಲ್ಲಿ ಪ್ರಾರ್ಥನೆಗೆ ಬಂದರು.

ಕೆಳಗಿಳಿಸಿದ ಬ್ಯಾಗಿನ ಬೆಲೆ ಕಡಿಮೆ ಆಗೋದಿಲ್ಲ. ಒಳಗಿರೋದು ಒಳಗೇ ಇರುತ್ತೆ, ಯಜಮಾನನೂ ಅವನೇ. ಸೌಲನ ಜೀವಕ್ಕೆ ಅಪಾಯ ಬಂದಾಗ ಸಹೋದರರು ಅವನನ್ನು ತಾರ್ಸಕ್ಕೆ ಕಳಿಸಿಬಿಟ್ಟರು. ಅಲ್ಲಿಗೆ ಮುಗೀತಾ? 11ನೇ ಅಧ್ಯಾಯ, 25ನೇ ವಚನ ನೋಡಿ. ಅವನನ್ನು ಹುಡುಕಿಕೊಂಡು ತಾರ್ಸಕ್ಕೆ ಹೋದವನು ಯಾರು? ಅದೇ ಬಾರ್ನಬ! ಅಂತಿಯೋಕ್ಯಕ್ಕೆ ಕರಕೊಂಡು ಬಂದ, ಇಬ್ಬರೂ ಒಂದು ವರ್ಷ ಸಭೆಯಲ್ಲಿ ಬೋಧಿಸಿದರು. ಶಿಷ್ಯರಿಗೆ ಕ್ರೈಸ್ತರು ಅನ್ನೋ ಹೆಸರು ಮೊದಲು ಬಂದದ್ದು ಆ ಊರಲ್ಲೇ.

ನಾವು ಬೇರೆಯವರಿಗಾಗಿ ಯಾಕೆ ಕೈ ಎತ್ತಬೇಕು? ನಮಗಾಗಿ ಒಬ್ಬರು ಎತ್ತಿದ್ದಾರೆ. ನಮ್ಮನ್ನು ಸಹೋದರರು ಅನ್ನೋದಕ್ಕೆ ಯೇಸು ನಾಚಿಕೆಪಡೋದಿಲ್ಲ ಅಂತ ಇಬ್ರಿಯ 2:11 ಹೇಳುತ್ತೆ. ನಮ್ಮೊಳಗೆ ಏನಿದೆ ಅಂತ ಪೂರಾ ಗೊತ್ತಿದ್ದೂ, ಮೊಳೆ ಹೊಡೆದ ಆ ಕೈ ಎತ್ತಿ "ಇವಳು ನನ್ನವಳು, ಇವನು ನನ್ನವನು" ಅಂದರು. ಆಮೆನ್ ಹೇಳ್ತೀರಾ?

ಈ ವಾರ ಒಂದೇ ಕೆಲಸ ಮಾಡಿ. ಸಭೆಗೆ ಬರೋದು ನಿಲ್ಲಿಸಿದ ಒಬ್ಬರ ಹೆಸರು ಪವಿತ್ರಾತ್ಮನು ಈಗ ನಿಮಗೆ ನೆನಪಿಸ್ತಿದ್ದಾನೆ. ಅವರಿಗೆ ಮೆಸೇಜ್ ಬೇಡ, ಫೋನ್ ಮಾಡಿ. ಭಾನುವಾರ ನೀವೇ ಹೋಗಿ ಕರಕೊಂಡು ಬನ್ನಿ.

ಈಗ ಎದ್ದು ನಿಲ್ಲಿ, ಆ ಒಬ್ಬರ ಹೆಸರು ಹೇಳಿ ಪ್ರಾರ್ಥಿಸೋಣ. ತಂದೆಯೇ, ಯಾರೂ ಇಲ್ಲ ಅಂದುಕೊಂಡು ಇವತ್ತು ರೂಮಲ್ಲೇ ಕೂತಿರೋ ನಿನ್ನ ಮಕ್ಕಳನ್ನು ನೆನಪು ಮಾಡಿಕೋ. ಅವರ ಬಾಗಿಲಿಗೆ ನಮ್ಮನ್ನು ಕಳಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.