ಅಪ್ಪನ ಆಸೆ ತಣ್ಹಾ ಆಗಿತ್ತೇ?



ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಕಾಲೇಜು ಹುಡುಗನೊಬ್ಬ ಕೇಳಿದ: "ಸರ್, ಆಸೆನೇ ದುಃಖಕ್ಕ ಮೂಲ ಅಂತೀರಿ. ಹಂಗಾದ್ರ ಕೂಲಿ ಮಾಡೋರು ಮಕ್ಕಳು ಓದಲಿ ಅಂತ ಆಸೆಪಡೋದೂ ತಪ್ಪೇನ್ರಿ?"

ನನಗೆ ನಮ್ಮ ಅಪ್ಪ ನೆನಪಾದ. ಚಳಿಗಾಲದಲ್ಲಿ ತೊಗರಿ ಕೊಯ್ಲು, ಬೇಸಿಗೆಯಲ್ಲಿ ಶಹಾಬಾದ್ ಕಲ್ಲಿನ ಖಣಿ. ನನ್ನ ಫೀಸು, ಪುಸ್ತಕಕ್ಕೆಂದು ಊರ ಸಾಹುಕಾರನ ಹತ್ತಿರ ಸಾಲ ತಂದು, ವರ್ಷಗಟ್ಟಲೆ ಕೂಲಿಯಲ್ಲಿ ಮುರಿಸಿಕೊಂಡು ತೀರಿಸಿದ. ಸಾಲ ಮುಗಿದ ರಾತ್ರಿ ಉಂಡು ಅಂಗಳದಲ್ಲಿ ಕಂಬಳಿ ಹಾಸಿ ಮಲಗಿದವನು ಬಿಸಿಲೇರುವವರೆಗೂ ಏಳಲಿಲ್ಲ. ಅಪ್ಪ ಅಷ್ಟು ಹೊತ್ತು ಮಲಗಿದ್ದನ್ನು ನಾನು ಕಂಡದ್ದು ಅದೊಂದೇ ದಿನ.

ಬುದ್ಧರು ಅನಾಥಪಿಂಡಿಕನಿಗೆ ಗೃಹಸ್ಥರ 4 ಸುಖಗಳನ್ನು ಹೇಳಿದ್ದು ಅಂಗುತ್ತರ ನಿಕಾಯದಲ್ಲಿದೆ: ನ್ಯಾಯವಾಗಿ ದುಡಿದು ಗಳಿಸಿದ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ತಪ್ಪಿಲ್ಲದ ನಡತೆಯ ಸುಖ. ಅಪ್ಪನಿಗೆ ಆ ರಾತ್ರಿ ಸಿಕ್ಕಿದ್ದು ಮೂರನೆಯದು. ಕೋಲಿಯರ ದೀಘಜಾನುವಿಗೆ ಹೇಳುವಾಗಲೂ ಬುದ್ಧರು ಮೊದಲು ಹೇಳಿದ್ದು ಉಟ್ಠಾನ ಸಂಪದಾ, ಅಂದರೆ ಕಸುಬಿನಲ್ಲಿ ಶ್ರಮ ಮತ್ತು ಜಾಣ್ಮೆ. ಬುದ್ಧರು ಬಡತನವನ್ನು ಭಾಗ್ಯವೆಂದು ಹೊಗಳಲಿಲ್ಲ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ.

ತಣ್ಹಾ ಎಂದರೆ ಎಷ್ಟು ಸಿಕ್ಕರೂ ಸಾಲದೆನ್ನುವುದು, ಇನ್ನೊಬ್ಬರ ಪಾಲೂ ನನಗಿರಲಿ ಎನ್ನುವುದು. ಹುಡುಗನಿಗೆ ಇಷ್ಟು ಹೇಳಿ, "ಅಪ್ಪನ ಆಸೆ ತಪ್ಪಲ್ಲ" ಎಂದು ಮಾತು ಮುಗಿಸಿದೆ.

ಒಂದು ಮಾತು ಮಾತ್ರ ಹೇಳದೆ ಬಂದೆ. ನಾನು ಪಟ್ಟಣದ ಶಾಲೆಗೆ ಸೇರಿದ ವರ್ಷವೇ ಅಕ್ಕ 7ನೇ ತರಗತಿಗೆ ಶಾಲೆ ಬಿಟ್ಟು ಅವ್ವನ ಜೊತೆ ಕಳೆ ತೆಗೆಯಲು ಹೋದಳು. ಅವಳ ಕೂಲಿಯೂ ನನ್ನ ಓದಿಗೆ ಸೇರಿತ್ತು. "ಅಪ್ಪ ದುಡಿದು ಓದಿಸಿದ" ಎಂದು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಅಕ್ಕನ ಮಾತು ಒಮ್ಮೆಯೂ ಎತ್ತಲಿಲ್ಲ. ಇಬ್ಬರನ್ನೂ ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ, ನಿಜ. ಆದರೆ ಶಾಲೆ ಬಿಡಬೇಕಾದವರು ಯಾರು ಎಂದು ಮನೆಯಲ್ಲಿ ಯಾರೂ ಕೇಳಲೇ ಇಲ್ಲ, ನಾನೂ ಕೇಳಲಿಲ್ಲ. ಇನ್ನೊಬ್ಬರ ಪಾಲು ಉಂಡವನು ನಾನೇ.

ಸಾಹುಕಾರನ ಸಾಲ ಅಪ್ಪ ತೀರಿಸಿದ. ಅಕ್ಕನ ಸಾಲ ಇನ್ನೂ ನನ್ನ ಮೇಲಿದೆ. ಅವಳ ಮಗಳು ಈಗ ಪಿಯುಸಿ ಮುಗಿಸಿದ್ದಾಳೆ. ಮುಂದಿನ ಓದಿನ ಖರ್ಚು ನನ್ನದು ಎಂದು ನಿನ್ನೆ ಫೋನ್ ಮಾಡಿ ಹೇಳಿದೆ. "ನಿನಗ್ಯಾಕೋ ತಮ್ಮಾ ತ್ರಾಸು" ಅಂದಳು. ಇದನ್ನು ದಾನ ಎಂದು ಕರೆದರೆ ಸುಳ್ಳು ಹೇಳಿದಂತಾಗುತ್ತದೆ. ಇದು ತಡವಾಗಿ ಕಟ್ಟಿದ ಮೊದಲ ಕಂತು.

ಇಂದು ಧ್ಯಾನಕ್ಕೆ ಕೂತು ಏಳುವ ಮುಂಚೆ ಯೋಚಿಸೋಣ: ನಮ್ಮ ಓದಿನಲ್ಲಿ, ನೌಕರಿಯಲ್ಲಿ ಯಾರ ಯಾರ ಕೂಲಿ ಸೇರಿದೆ? ಅವರ ಪಾಲು ಅವರಿಗೆ ಮುಟ್ಟಿದೆಯೇ?

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.