ಹಿಂದಿನ ಸೀಟು ಖಾಲಿ ಇತ್ತು

ಡ್ರೈವಿಂಗ್ ಲೈಸೆನ್ಸ್ ಕೈಗೆ ಬಂದ ಮೂರನೇ ವಾರ ನಾನೊಂದು ಸುಳ್ಳು ಹೇಳಿದೆ. ಅದೂ ಮಾಯ್ ಹತ್ರ. ಅದಕ್ಕಿಂತ ಹತ್ತು ನಿಮಿಷ ಮೊದಲು ಅದೇ ಬಾಯಿಂದ, ಕಾರಿನೊಳಗೆ ಒಬ್ಬಳೇ ಕೂತು ದೇವರಿಗೆ ಥ್ಯಾಂಕ್ಸ್ ಹೇಳ್ತಾ ಇದ್ದೆ. ಆ ಥ್ಯಾಂಕ್ಸಿಗೂ ಆ ಸುಳ್ಳಿಗೂ ಸಂಬಂಧ ಇದೆ ಅಂತ ಅರ್ಥ ಆಗೋದಕ್ಕೆ ನನಗೆ ಒಂದಿಡೀ ಮಳೆಗಾಲ ಬೇಕಾಯ್ತು.

ನಮ್ಮೂರು ಪೆರ್ಡೂರು. ಉಡುಪಿಯಿಂದ ಆಗುಂಬೆಗೆ ಹೋಗುವವರು ಹಿರಿಯಡಕ ದಾಟಿದ ಮೇಲೆ, ಹೆಬ್ರಿಗಿಂತ ಮೊದಲು ನಮ್ಮ ಪೇಟೆಯನ್ನು ಹಾದು ಹೋಗಿರ್ತೀರಿ. ಅನಂತಪದ್ಮನಾಭ ದೇವಸ್ಥಾನ ಮತ್ತು ಯಕ್ಷಗಾನ ಮೇಳ, ಹೊರಗಿನವರಿಗೆ ಊರಿನ ಹೆಸರು ಗೊತ್ತಿರುವುದು ಈ ಎರಡರಿಂದ. ಸಂಕ್ರಮಣದ ದಿನ ದೇವರಿಗೆ ಬಾಳೆಹಣ್ಣು ಒಪ್ಪಿಸಲು ಬರುವ ಜನರಿಂದ ಪೇಟೆ ತುಂಬಿರುತ್ತದೆ. ನನ್ನಂಥ ಹೊಸ ಡ್ರೈವರುಗಳು ಅವತ್ತು ಕಾರು ಹೊರಗೆ ತೆಗೆಯದೇ ಇರುವುದು ಒಳ್ಳೆಯದು. ಅಂಥ ಊರಲ್ಲಿ ಮನೆಯೊಳಗೆ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡಿಕೊಂಡು ಬೆಳೆದ ಕ್ರೈಸ್ತ ಮನೆಯ ಹುಡುಗಿ ನಾನು.

ನಮ್ಮ ಕಾರು ಬಿಳಿ ಆಲ್ಟೋ. ಸೆಕೆಂಡ್ ಹ್ಯಾಂಡ್. ಪಪ್ಪ ಹದಿನಾರು ವರ್ಷ ಮಸ್ಕತ್‌ನಲ್ಲಿ ಇನ್ನೊಬ್ಬರ ಮನೆಯ ಡ್ರೈವರ್ ಆಗಿದ್ದವರು. ಆ ದುಡ್ಡು ಮನೆ ಕಟ್ಟುವುದಕ್ಕೆ, ನನ್ನ ಮತ್ತು ತಮ್ಮನ ಕಾಲೇಜಿಗೆ ಮುಗಿಯಿತು. ಅಷ್ಟು ವರ್ಷ ದೊಡ್ಡ ದೊಡ್ಡ ಕಾರು ಓಡಿಸಿದ ಮನುಷ್ಯನ ಹೆಸರಲ್ಲಿ ಒಂದು ಸ್ಕೂಟರ್ ಬಿಟ್ಟರೆ ಬೇರೇನೂ ಇರಲಿಲ್ಲ. ಕಾರು ಬಂದದ್ದು ಮಾಯ್‌ಯ ಮಲ್ಲಿಗೆಯಿಂದ.

ಉಡುಪಿ ಮಲ್ಲಿಗೆ ಗೊತ್ತಿರಬಹುದು ನಿಮಗೆ, ಶಂಕರಪುರ ಮಲ್ಲಿಗೆ ಅಂತಲೂ ಹೇಳ್ತಾರೆ. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಕಟ್ಟೆಗೆ ಮುಟ್ಟಿಸಬೇಕು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ರೇಟು ದಿನದಿನ ಬೇರೆ. ಮದುವೆ, ಕೋಲ, ಜಾತ್ರೆಯ ಸೀಸನ್ನಿನಲ್ಲಿ ಏರುತ್ತದೆ, ಅದು ಮುಗಿದ ಮೇಲೆ ಬೀಳುತ್ತದೆ. ಮಾಯ್ ಕಟ್ಟಿದ ಹೂ ದೇವಸ್ಥಾನಕ್ಕೆ, ದೈವಕ್ಕೆ, ಮದುಮಗಳ ಜಡೆಗೆ, ಬಸ್ಸಿನ ಎದುರಿನ ಗಾಜಿಗೆ ಹೋಗ್ತಿತ್ತು. ನಮ್ಮ ಜಪಮಾಲೆಯ ಮನೆಗೆ ಕಾರು ಬಂದದ್ದು ಹಾಗೆ, ಊರವರೆಲ್ಲರ ಹಬ್ಬದ ದುಡ್ಡಿನಿಂದ.

ಫಾದರ್ ಬಂದು ತೀರ್ಥ ಚಿಮುಕಿಸಿ ಕಾರನ್ನು ಆಶೀರ್ವದಿಸಿದರು. ಕೆಲವು ವರ್ಷ ಪಪ್ಪನೇ ಓಡಿಸಿದರು. ಆಮೇಲೆ ಸಕ್ಕರೆ ಕಾಯಿಲೆಗೆ ಅವರ ಕಣ್ಣು ಮಂಜಾಯಿತು, ಕಾರು ಶೆಡ್ಡಿನಲ್ಲಿ ಟರ್ಪಾಲು ಹೊದ್ದು ಕೂತಿತು. ಇಪ್ಪತ್ತೆಂಟನೇ ವಯಸ್ಸಿಗೆ ನಾನು ಕಲಿತೆ. ಪಕ್ಕದಲ್ಲಿ ಕೂತು ಪಪ್ಪ ಹೇಳಿಕೊಟ್ಟ ಪಾಠದಲ್ಲಿ ಹೆಚ್ಚು ಸಲ ಬಂದ ಮಾತು ಒಂದೇ: "ಕನ್ನಡಿ ನೋಡು. ಎದುರು ಎಲ್ರೂ ನೋಡ್ತಾರೆ. ಹಿಂದೆ ಯಾರಿದ್ದಾರೆ ನೋಡು."

ಅಲ್ಲಿವರೆಗೆ ನಾನು ಮಣಿಪಾಲದ ಆಫೀಸಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗ್ತಿದ್ದವಳು. ಈಗ ಹಿರಿಯಡಕ, ಆತ್ರಾಡಿ, ಪರ್ಕಳ ದಾಟಿ ನನ್ನದೇ ಟೈಮಿಗೆ ಹೋಗಿ ಬರ್ತೇನೆ. ಮೊದಲ ವಾರಗಳಲ್ಲಿ ಪ್ರತಿ ದಿನ ಹಬ್ಬ. ಜುಲೈ ತಿಂಗಳ ಆ ಸಂಜೆ ಮಳೆ ಸುರಿಯುತ್ತಿತ್ತು. ಗಾಜಿನೊಳಗೆ ನಾನು ಒಣಗಿದ್ದೆ, ಬೆಚ್ಚಗಿದ್ದೆ. ರಸ್ತೆ ಬದಿ ಕೊಡೆ ಹಿಡಿದು ನಿಂತವರನ್ನು ನೋಡಿ ಮನಸ್ಸಲ್ಲೇ ಅಂದುಕೊಂಡೆ: ದೇವರೇ, ನನ್ನನ್ನು ಈ ಮಳೆಯಲ್ಲಿ ನಿಲ್ಲಿಸಲಿಲ್ಲವಲ್ಲ, ದೊಡ್ಡ ಉಪಕಾರ.

ನಮ್ಮ ಮನೆ ಕಡೆಯ ಒಳರಸ್ತೆಗೆ ತಿರುಗುವ ಕ್ರಾಸಲ್ಲಿ ಒಂದು ಅಂಗಡಿ ಇದೆ. ಅದರ ಜಗಲಿಯಲ್ಲಿ ಕೆಳಗಿನ ಮನೆಯ ಅಕ್ಕ ನಿಂತಿದ್ದರು. ಹೆಗಲ ಮೇಲೆ ಮಗಳು ಮಲಗಿದ್ದಳು. ಕ್ರಾಸ್ ದಾಟಿದ ಕೂಡಲೇ ಏರು ಶುರು. ನಿಲ್ಲಿಸಿದರೆ ಅಲ್ಲಿಂದ ಹಾಫ್ ಕ್ಲಚ್ಚಿನಲ್ಲಿ ಎತ್ತಬೇಕು, ಹಿಂದೆ ಟಿಪ್ಪರ್ ಬೇರೆ ಹಾರ್ನ್ ಹೊಡೀತಿತ್ತು. ನಾನು ಕಣ್ಣು ರಸ್ತೆಗೇ ಅಂಟಿಸಿ, ನೋಡದವಳ ಹಾಗೆ ಹೋಗಿಬಿಟ್ಟೆ.

ಮನೆಗೆ ಮುಟ್ಟಿದಾಗ ಮಾಯ್ ಕೇಳಿದಳು, "ಕ್ರಾಸಲ್ಲಿ ಅಕ್ಕ ಸಿಕ್ಕಿದ್ಲಾ? ಮಗುವಿಗೆ ಜ್ವರ ಅಂತ ಡಾಕ್ಟ್ರಲ್ಲಿಗೆ ಹೋಗಿದ್ಲು, ಕೊನೇ ಬಸ್ಸು ಬರ್ಲಿಲ್ಲ ಅಂತ ಫೋನ್ ಮಾಡಿದ್ಲು."

"ಇಲ್ಲ ಮಾಯ್, ಕಾಣ್ಲಿಲ್ಲ."

ಜಗಲಿಯ ಕುರ್ಚಿಯಿಂದ ಪಪ್ಪ ದಿನಾ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಕನ್ನಡಿ ನೋಡ್ತಾ ಓಡಿಸಿದ್ಯಾ?"

ಐದು ನಿಮಿಷ ಕೂತೆ. ಆಗಲಿಲ್ಲ. ಕೀ ತೆಗೆದುಕೊಂಡು ಪಪ್ಪನನ್ನೂ ಕೂರಿಸಿಕೊಂಡು ವಾಪಸ್ ಕ್ರಾಸಿಗೆ ಹೋದೆ. ಜಗಲಿ ಖಾಲಿ. ಯಾವುದೋ ಪಿಕಪ್‌ನವರು ಹತ್ತಿಸಿಕೊಂಡು ಹೋದರು ಅಂದರು ಅಂಗಡಿಯವರು. ಬರುವಾಗ ಏರಿನಲ್ಲಿ ಎರಡು ಸಲ ಕಾರು ಆಫ್ ಆಯ್ತು. ಪಪ್ಪ ಏನೂ ಕೇಳಲಿಲ್ಲ.

ಆಮೇಲಿನ ಭಾನುವಾರ ಇಗರ್ಜಿಯಲ್ಲಿ ಕೂತಿದ್ದಾಗ ನನಗೆ ಲೂಕನ ಶುಭಸಂದೇಶದ ಎರಡು ಅಧ್ಯಾಯ ನೆನಪಾದವು. ಚಿಕ್ಕಂದಿನಿಂದ ಕೇಳಿದ್ದೇ, ಆದರೆ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. 17ನೇ ಅಧ್ಯಾಯದಲ್ಲಿ ಹತ್ತು ಕುಷ್ಠರೋಗಿಗಳು ವಾಸಿಯಾಗುತ್ತಾರೆ, ಕೃತಜ್ಞತೆ ಹೇಳಲು ಹಿಂದಿರುಗಿ ಬರುವವನು ಒಬ್ಬನೇ, ಅದೂ ಯೆಹೂದ್ಯರು ದೂರ ಇಡುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಕೇಳುತ್ತಾನೆ. ಕೃತಜ್ಞತೆ ಎಷ್ಟು ದೊಡ್ಡದು ಅಂತ ಹೇಳಲು ನಾವು ಯಾವಾಗಲೂ ಎತ್ತಿಕೊಳ್ಳುವ ಕತೆ ಇದು. ಆದರೆ ಮುಂದಿನ 18ನೇ ಅಧ್ಯಾಯದಲ್ಲೇ ಇನ್ನೊಬ್ಬ ಇದ್ದಾನೆ. ದೇವಾಲಯಕ್ಕೆ ಹೋಗಿ ದೇವರಿಗೆ ಥ್ಯಾಂಕ್ಸ್ ಹೇಳುವ ಫರಿಸಾಯ. ತಾನು ಬೇರೆಯವರ ಹಾಗಿಲ್ಲ, ಅಲ್ಲಿ ನಿಂತಿರುವ ಸುಂಕದವನ ಹಾಗಂತೂ ಇಲ್ಲ ಅಂತ ಅವನ ಕೃತಜ್ಞತೆ. ಅವನ ಪ್ರಾರ್ಥನೆ ದೇವರಿಗೆ ಮೆಚ್ಚುಗೆಯಾಗುವುದಿಲ್ಲ.

ಇಬ್ಬರೂ ಥ್ಯಾಂಕ್ಸ್ ಹೇಳಿದವರೇ. ಒಬ್ಬ ಬಂದ ದಾರಿಯಲ್ಲಿ ತಿರುಗಿ ನಡೆದ. ಇನ್ನೊಬ್ಬ ನಿಂತಲ್ಲೇ ಪಕ್ಕದವನನ್ನು ಅಳೆದ. ಮಳೆಯಲ್ಲಿ ನಾನು ಹೇಳಿದ್ದು ಯಾವುದು ಅಂತ ಹೇಳಬೇಕಾಗಿಲ್ಲ. ಕೊಡೆ ಹಿಡಿದು ನಿಂತವರು ಇಲ್ಲದೇ ಹೋಗಿದ್ದರೆ ನನ್ನ ಆ ಪ್ರಾರ್ಥನೆ ಪೂರ್ತಿಯೇ ಆಗುತ್ತಿರಲಿಲ್ಲ.

ಇದು ಕಾರಿಗೆ ಮಾತ್ರ ಸೇರಿದ ಕತೆ ಅಲ್ಲ. ನಮ್ಮ ವಯಸ್ಸಿನವರ "ಬ್ಲೆಸ್ಡ್" ಅನ್ನುವ ಮಾತನ್ನೇ ನೋಡಿ. ಹೊಸ ಫ್ಲ್ಯಾಟು, ಹೊಸ ಕೆಲಸ, ಮೊದಲ ಕಾರು, ಎಲ್ಲದರ ಫೋಟೊ ಕೆಳಗೆ ಅದೇ ಪದ. ಅದರಲ್ಲಿ ಅರ್ಧ ಸಂತೋಷ, ಇನ್ನರ್ಧ ಹೋಲಿಕೆ. ಅಪಘಾತ ತಪ್ಪಿದಾಗ "ದೇವರು ನನ್ನನ್ನು ಉಳಿಸಿದ" ಅನ್ನುತ್ತೇವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಕೇಂದ್ರ ಸರ್ಕಾರದ್ದೇ ಲೆಕ್ಕ. ಅವರ ಮನೆಯವರೂ ಪ್ರಾರ್ಥನೆ ಮಾಡಿಯೇ ಕಳಿಸಿರ್ತಾರೆ. ನನ್ನನ್ನು ಆರಿಸಿ ಅವರನ್ನು ಬಿಟ್ಟ ದೇವರು ಅಂತ ನಂಬುವುದು ನನ್ನಿಂದಾಗದು. ಉಳಿದೆ ಅನ್ನುವ ಸಮಾಧಾನ ಸರಿ, ಅದನ್ನು ಅರ್ಹತೆ ಅಂತ ಓದಿಕೊಂಡರೆ ತಪ್ಪು.

ಹಾಗೆ ನೋಡಿದರೆ ಭಾರತದಲ್ಲಿ ಕಾರು ಇರುವುದು ನೂರರಲ್ಲಿ ಏಳೆಂಟು ಮನೆಗಳಲ್ಲಿ. ಉಳಿದವರಲ್ಲಿ ತುಂಬಾ ಜನ ಬಸ್ಸು ಕಾಯುವವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯ್ತು, ಆದರೆ ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಒಳರಸ್ತೆಯ ಕೊನೇ ಟ್ರಿಪ್ಪು ಜನ ಕಡಿಮೆ ಇದ್ದ ದಿನ ಬರುವುದೇ ಇಲ್ಲ. ಅಕ್ಕ ಮಳೆಯಲ್ಲಿ ನಿಂತದ್ದು ದೇವರ ಇಚ್ಛೆಯಿಂದಲ್ಲ, ಬಸ್ಸು ಬರದೇ ಇದ್ದುದರಿಂದ. ಬಸ್ಸು ಬೇಕು ಅನ್ನುವ ಊರವರ ಅರ್ಜಿಗೆ ಈಗ ನಾನೂ ಸಹಿ ಹಾಕಿದ್ದೇನೆ. ಕಾರು ಇದೆಯಲ್ಲ ಅಂತ ಸುಮ್ಮನಿರಬಹುದಿತ್ತು.

ನಮ್ಮ ಕೀ ಬಂಚಿನಲ್ಲಿ ಸಂತ ಕ್ರಿಸ್ಟೋಫರನ ಪದಕ ಇದೆ, ಪಪ್ಪ ಮಸ್ಕತ್‌ನಿಂದ ತಂದದ್ದು. ಪ್ರಯಾಣಿಕರ ಪಾಲಕ ಸಂತ ಅವನು. 1969ರಲ್ಲಿ ರೋಮ್ ತನ್ನ ಸಾರ್ವತ್ರಿಕ ಪಂಚಾಂಗದಿಂದ ಅವನ ಹಬ್ಬವನ್ನು ತೆಗೆಯಿತು, ಆದರೂ ಡ್ರೈವರುಗಳು ಅವನನ್ನು ಬಿಡಲಿಲ್ಲ. ಅವನು ನಮ್ಮನ್ನು ಕಾಪಾಡ್ತಾನೆ ಅಂತಷ್ಟೇ ನಾನು ಅಂದುಕೊಂಡಿದ್ದೆ. ಕತೆಯಲ್ಲಿ ಅವನು ಮಾಡುತ್ತಿದ್ದ ಕೆಲಸ ಏನು ಗೊತ್ತಾ? ಸೇತುವೆ ಇಲ್ಲದ ಹೊಳೆಯನ್ನು ಜನರಿಗೆ ದಾಟಿಸುವುದು, ಹೆಗಲ ಮೇಲೆ ಹೊತ್ತು. ಒಂದು ರಾತ್ರಿ ಹೊತ್ತ ಮಗು ಕ್ರಿಸ್ತನೇ ಆಗಿದ್ದ ಅಂತ ನಂಬಿಕೆ. ಅಂದರೆ ನಮ್ಮ ಡ್ರೈವರುಗಳ ಸಂತ ಇನ್ನೊಬ್ಬರನ್ನು ಹತ್ತಿಸಿಕೊಳ್ಳುತ್ತಿದ್ದವನು. ಆ ಪದಕ ಸ್ಟಿಯರಿಂಗ್ ಪಕ್ಕ ನೇತಾಡುತ್ತಿರುವಾಗಲೇ ನಾನು ಅಕ್ಕನನ್ನೂ ಮಗುವನ್ನೂ ಬಿಟ್ಟು ಹೋಗಿದ್ದೆ.

ಆಗಸ್ಟ್‌ನಲ್ಲಿ ಒಂದು ದಿನ ಧೈರ್ಯ ಮಾಡಿ ಅಕ್ಕನಿಗೆ ಹೇಳಿಯೇಬಿಟ್ಟೆ. ಅವತ್ತು ನೋಡಿದ್ದೆ, ಬೇಕಂತಲೇ ನಿಲ್ಲಿಸಲಿಲ್ಲ ಅಂತ. ಅಕ್ಕ ನಕ್ಕರು.

"ಗೊತ್ತುಂಟು ಮಾರಾಯ್ತಿ. ನಾನೂ ನೋಡಿದೆ. ನೀನು ಸ್ಟಿಯರಿಂಗ್ ಹಿಡ್ಕೊಂಡ ಚಂದ ನೋಡಿ ನಂಗೇ ಹೆದ್ರಿಕೆ ಆಯ್ತು. ದೇವ್ರೇ, ಈ ಹುಡುಗಿ ಮನೆಗೆ ಸರಿಯಾಗಿ ಮುಟ್ಲಿ ಅಂದ್ಕೊಂಡೆ."

ನಾನು ಅವರ ಸ್ಥಿತಿ ನನಗಿಲ್ಲವಲ್ಲ ಅಂತ ದೇವರಿಗೆ ಥ್ಯಾಂಕ್ಸ್ ಹೇಳುತ್ತಿದ್ದ ಹೊತ್ತಿಗೆ, ಅವರು ಜ್ವರದ ಮಗುವನ್ನು ಹೊತ್ತು ನನಗಾಗಿ ಕೇಳಿಕೊಳ್ಳುತ್ತಿದ್ದರು.

ಕೊಂಕಣಿಯಲ್ಲಿ ಥ್ಯಾಂಕ್ಸಿಗೆ ನಾವು ಹೇಳುವುದು "ದೇವ್ ಬರೆಂ ಕರುಂ" ಅಂತ. ದೇವರು ಒಳ್ಳೆಯದು ಮಾಡಲಿ. ಯಾರಿಗೆ? ಎದುರಿಗಿರುವವರಿಗೆ. ನನಗೆ ಸಿಕ್ಕಿತು ಅನ್ನುವುದು ಆ ಮಾತಿನಲ್ಲಿ ಎಲ್ಲೂ ಇಲ್ಲ. ಇಷ್ಟು ವರ್ಷ ದಿನಾ ಹೇಳಿದ ಮಾತಿನ ಅರ್ಥವನ್ನು ಕೊಂಕಣಿ ಬಾರದ ಅಕ್ಕ ನನಗೆ ತಿಳಿಸಿಕೊಟ್ಟರು. ಕಾರಿಗಾಗಿ ದೇವರಿಗೆ ಋಣಿಯಾಗಿರುವುದು ಅಂದರೆ ಕಾರು ನನಗೆ ಎಲ್ಲಿಂದ ಬಂತು, ಯಾರ ಯಾರ ಕೈ ದಾಟಿ ಬಂತು ಅಂತ ಹಿಂದೆ ತಿರುಗಿ ನೋಡುವುದು. ಮಾಯ್‌ಯ ಬೆರಳು, ಪಪ್ಪನ ಕಣ್ಣು, ಹೂ ಕೊಂಡವರ ಮದುವೆ, ಕೋಲ. ಹಾಗೆ ನೋಡಿದ ಮೇಲೆ ಹಿಂದಿನ ಸೀಟನ್ನು ಖಾಲಿ ಇಟ್ಟುಕೊಳ್ಳುವುದು ಸ್ವಲ್ಪ ಕಷ್ಟ.

ದೊಡ್ಡ ತ್ಯಾಗ ಏನಲ್ಲ ಇದು. ಪೆಟ್ರೋಲು ಅಷ್ಟೇ ಆಗುತ್ತದೆ, ಮನೆಗೆ ಹತ್ತು ನಿಮಿಷ ತಡ. ಕೆಲವು ದಿನ ಸುಸ್ತಾಗಿ, ಇವತ್ತು ಯಾರೂ ಸಿಗದೇ ಇರಲಿ ಅಂತಲೂ ಅನಿಸುತ್ತದೆ. ಅದನ್ನೂ ಹೇಳಿಬಿಡುವುದು ಒಳ್ಳೆಯದು.

ಕಳೆದ ವಾರ ಕ್ರಾಸಲ್ಲಿ ಅಕ್ಕ, ಅವರ ಮಗಳು, ಇನ್ನಿಬ್ಬರು ಹತ್ತಿದರು. ಹತ್ತುವಾಗ ಅಕ್ಕ ಮುಡಿಯಿಂದ ಒಂದು ತುಂಡು ಮಲ್ಲಿಗೆ ತೆಗೆದು ಜಪಮಾಲೆಯ ಪಕ್ಕ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. ಅಷ್ಟು ಭಾರಕ್ಕೆ ಏರಿನಲ್ಲಿ ಕಾರು ಆಫ್. ಹಿಂದಿನಿಂದ ಹಾರ್ನ್. ನಾನು ಬೆವರುತ್ತಾ ಹ್ಯಾಂಡ್‌ಬ್ರೇಕ್ ಎಳೆದೆ.

"ಅರ್ಜೆಂಟಿಲ್ಲ," ಅಂದರು ಅಕ್ಕ ಹಿಂದಿನಿಂದ. "ನಿಧಾನ ತೆಗಿ. ನಾವೆಲ್ಲ ಇದ್ದೇವಲ್ಲ."