ದೂರದ ಬೆಟ್ಟದ ಹತ್ತಿರಕ್ಕೆ

ಕುದುರೆಮುಖದ ನೆತ್ತಿಯ ಮೇಲೆ ನಿಂತವರಿಗೆ ಕುದುರೆಯೂ ಕಾಣುವುದಿಲ್ಲ, ಮುಖವೂ ಕಾಣುವುದಿಲ್ಲ. ಕಾಲಿಗೆ ಹುಲ್ಲು, ಹುಲ್ಲಿನ ನಡುವೆ ಕಲ್ಲು, ಕಣಿವೆಯಿಂದ ಏರಿ ಬರುವ ಮಂಜು, ಇಷ್ಟೇ. 1,890 ಮೀಟರ್ ಮೀರಿದ ಆ ಶಿಖರಕ್ಕೆ ಕುದುರೆಯ ಮುಖ ಬರುವುದು ದೂರದಿಂದ, ಅದೂ ಒಂದು ಮಗ್ಗುಲಿನಿಂದ ನೋಡಿದರೆ. ದೂರದ ನೋಟಕ್ಕೆ ಹುಟ್ಟಿದ ಹೆಸರಿನಿಂದಲೇ ಬುಡದಲ್ಲಿ ಬದುಕುವ ನಾವೂ ಅದನ್ನು ಕರೆಯುತ್ತ ಬಂದಿದ್ದೇವೆ.

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಇಂಥ ಬೆಟ್ಟಗಳ ನಡುವೆ ಕೂತು ಕೇಳಿಸಿಕೊಳ್ಳುವುದೇ ಬೇರೆ. ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ, ತುಂಗೆಯ ಪಕ್ಕದಲ್ಲಿ ನಮ್ಮ ನೆಮ್ಮಾರ್. ಮುಂದೆ ಕೆರೆಕಟ್ಟೆ, ಆಮೇಲೆ ರಾಷ್ಟ್ರೀಯ ಉದ್ಯಾನದ ಕಾಡು, ಘಟ್ಟ ಇಳಿದರೆ ಮಾಳ. ಬಯಲುಸೀಮೆಯವರಿಗೆ ಬೆಟ್ಟವೆಂದರೆ ಆಕಾಶದ ಅಂಚಿನ ನೀಲಿ ಗೆರೆ. ನಮಗೆ ಅದು ತೋಟದ ಬೇಲಿ ದಾಟಿದಲ್ಲಿಂದ ಶುರು. ಸೊಪ್ಪು ತರುವುದು ಅಲ್ಲಿಂದ, ಮನೆಗೆ ಅಬ್ಬಿ ನೀರು ಇಳಿದು ಬರುವುದು ಅಲ್ಲಿಂದ, ಕೊಟ್ಟಿಗೆಗೆ ಬಾರದ ದನವನ್ನು ಹುಡುಕಿಕೊಂಡು ಹೋಗುವುದೂ ಅಲ್ಲಿಗೇ. ನುಣ್ಣಗಿನ ಬೆಟ್ಟವನ್ನು ನಾವು ಯಾರೂ ಕಂಡವರಲ್ಲ.

ಆದರೂ ಗಾದೆ ನಮ್ಮ ಬಾಯಲ್ಲೂ ಓಡಾಡುತ್ತದೆ. ಪೇಟೆಯ ಕೆಲಸ ನಂಬಿ ತೋಟ ಬಿಟ್ಟು ಹೊರಟ ಹುಡುಗನಿಗೆ, ಫೋಟೋ ನೋಡಿಯೇ ಒಪ್ಪಿದ ಸಂಬಂಧಕ್ಕೆ, ಹೊರದೇಶದ ಸಂಬಳದ ಲೆಕ್ಕ ಹೇಳುವವನಿಗೆ ಹಿರಿಯರು ಇದನ್ನೇ ಹೇಳುತ್ತಾರೆ. ವರ್ಷಗಟ್ಟಲೆ ಅಂತರ್ಜಾಲದಲ್ಲಿ ಮಾತ್ರ ಗೊತ್ತಿದ್ದ ಗೆಳೆಯರನ್ನು ನೋಡಿ ಬರಲು ಒಬ್ಬಳೇ ಬೆಂಗಳೂರಿಗೆ ಹೊರಟಾಗ ದೊಡ್ಡಮ್ಮ ನನಗೂ ಹೇಳಿದರು: “ಮುಖ ನೋಡದ ಜನ ಮಾರಾಯ್ತಿ. ದೂರದ ಬೆಟ್ಟ ನುಣ್ಣಗೆ ಅಂತ ಹಿಂದಿನೋರು ಸುಮ್ನೆ ಹೇಳಿದ್ದಾ?”

ಸುಮ್ಮನೆ ಹೇಳಿದ್ದಲ್ಲ. ಸುಳ್ಳು ಹೆಸರು, ಕದ್ದ ಫೋಟೋ ಇಟ್ಟುಕೊಂಡು ಸ್ನೇಹ ಬೆಳೆಸಿ ದುಡ್ಡು ಕೀಳುವವರ ಸುದ್ದಿ ಇಲ್ಲದ ವಾರವಿಲ್ಲ. ಸೈಬರ್ ವಂಚನೆಯ ದೂರಿಗೆ 1930 ಎಂಬ ಸಹಾಯವಾಣಿಯನ್ನೇ ಸರ್ಕಾರ ತೆರೆಯಬೇಕಾಗಿ ಬಂದಿದೆ. ಹಾಗಾಗಿ ಹೊರಡುವವರು, ಅದರಲ್ಲೂ ಹೆಣ್ಣುಮಕ್ಕಳು, ಹಗಲಿನಲ್ಲಿ, ನಾಲ್ಕು ಜನ ಓಡಾಡುವ ಜಾಗದಲ್ಲಿ ಭೇಟಿ ಇಟ್ಟುಕೊಳ್ಳಬೇಕು. ಎಲ್ಲಿಗೆ, ಯಾರನ್ನು ನೋಡಲು ಎಂದು ಮನೆಯವರಿಗೆ ತಿಳಿಸಿರಬೇಕು. ಕಾಡಿಗೆ ಹೋಗುವವರು ಕತ್ತಿ ಹಿಡಿದು, ಹೊತ್ತಿನ ಲೆಕ್ಕ ಇಟ್ಟುಕೊಂಡು ಹೋಗುತ್ತಾರೆ. ಅದನ್ನು ಯಾರೂ ಪುಕ್ಕಲುತನ ಎನ್ನುವುದಿಲ್ಲ, ಅಷ್ಟು ಜಾಗ್ರತೆ ಬೇಕು ಎಂದ ಮಾತ್ರಕ್ಕೆ ಕಾಡಿಗೆ ಹೋಗುವುದನ್ನು ಬಿಡುವುದೂ ಇಲ್ಲ. ಗಾದೆ ಬೆಟ್ಟದ ಗುಣ ಹೇಳಿತೇ ಹೊರತು ಹತ್ತಬೇಡ ಎಂದು ಎಲ್ಲಿ ಹೇಳಿದೆ?

ಮುಖ ನೋಡದ ಸ್ನೇಹ ನಮ್ಮ ಸೀಮೆಗೆ ಹೊಸತೂ ಅಲ್ಲ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯನ್ನು ಕೇಳುತ್ತ ಬೆಳೆದ ಮನೆಗಳು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಉದ್ದಗಲಕ್ಕೂ ಇವೆ. ಕೋರಿಕೆ ಕಾರ್ಯಕ್ರಮದಲ್ಲಿ ಹಾಡಿಗೆ ಮುಂಚೆ ಓದುತ್ತಿದ್ದ ಹೆಸರು, ಊರುಗಳ ಪಟ್ಟಿ ಹಾಡಿನಷ್ಟೇ ಬಾಯಿಪಾಠವಾಗಿರುತ್ತಿತ್ತು. ಎಂದೂ ನೋಡದ ಊರಿನ ಒಬ್ಬರ ಹೆಸರು ಒಂದೆರಡು ವಾರ ಬಾರದಿದ್ದರೆ ‘ಹುಷಾರಿಲ್ಲವೋ ಏನೋ’ ಎಂದು ಇಲ್ಲಿ ಅಡಿಕೆ ಸುಲಿಯುತ್ತ ಕೂತವರು ಮಾತಾಡಿಕೊಳ್ಳುತ್ತಿದ್ದರು. ಪತ್ರಿಕೆಗಳಲ್ಲಿ ವಿಳಾಸ ನೋಡಿ ಇನ್‌ಲ್ಯಾಂಡ್ ಪತ್ರ ಬರೆದು ಪತ್ರಮಿತ್ರರಾದವರಿದ್ದರು. ಅಂಥ ಸ್ನೇಹಗಳಲ್ಲಿ ಎಷ್ಟೋ ಒಮ್ಮೆಯೂ ಮುಖ ನೋಡದೆ ಮುಗಿದುಹೋದವು. ಬಸ್ಸಿನ ಖರ್ಚು, ಮನೆಯ ಕಟ್ಟುಪಾಡು, ಮಳೆಗಾಲದ ರಸ್ತೆ ಯಾವುದೋ ಒಂದು ಅಡ್ಡ ಬರುತ್ತಿತ್ತು, ಹೆಂಗಸರಿಗಂತೂ ಮೂರೂ ಒಟ್ಟಿಗೇ ಅಡ್ಡ ಬರುತ್ತಿದ್ದವು.

ಈಗ ದಾರಿ ಕೊಂಚ ಸಲೀಸಾಗಿದೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದ ಮೇಲೆ, ಆಧಾರ್ ತೋರಿಸಿ ಶೂನ್ಯ ಟಿಕೆಟ್ ಹರಿಸಿಕೊಂಡು ಕೆಂಪು ಬಸ್ಸಿನಲ್ಲಿ ದೂರದ ಊರಿಗೆ ಒಬ್ಬರೇ ಹೊರಡುವ ಹೆಂಗಸರು ನಮ್ಮ ಬಸ್ ನಿಲ್ದಾಣಗಳಲ್ಲಿ ಎದ್ದು ಕಾಣುತ್ತಾರೆ. ತೊಡಕು ಉಳಿದಿರುವುದು ಸಿಗ್ನಲ್ಲಿನದು. 2021ರಲ್ಲಿ ಮಲೆನಾಡಿನ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತದಾನ ಇಲ್ಲ’ ಎಂಬ ಕೂಗೇ ಎದ್ದಿತ್ತು. ಮಕ್ಕಳು ಛತ್ರಿ ಹಿಡಿದುಕೊಂಡು ಗುಡ್ಡದ ನೆತ್ತಿಯ ಮೇಲೆ ಆನ್‌ಲೈನ್ ಪಾಠ ಕೇಳಿದ ಕಾಲ ಅದು. ನಾನೂ ದೂರದ ಗೆಳೆಯರಿಗೆ ಉತ್ತರ ಬರೆದದ್ದು ಬಹಳಷ್ಟು ಸಲ ಮನೆ ಹಿಂದಿನ ಗುಡ್ಡ ಹತ್ತಿಯೇ.

ಆ ಗೆಳೆಯರು ಸಿಕ್ಕಿದ್ದು ಕನ್ನಡ ವಿಕಿಪೀಡಿಯದಲ್ಲಿ. 2003ರ ಜೂನ್‌ನಲ್ಲಿ ಶುರುವಾದ ಈ ವಿಶ್ವಕೋಶದಲ್ಲಿ ಬರೆಯುವವರಿಗೆ ಸಂಬಳವಿಲ್ಲ, ಲೇಖನದ ಕೆಳಗೆ ಹೆಸರೂ ಇಲ್ಲ. ಒಬ್ಬರಿಗೊಬ್ಬರು ಗೊತ್ತಾಗುವುದು ಸದಸ್ಯನಾಮದಿಂದ, ಚರ್ಚೆ ಪುಟದ ಜಗಳದಿಂದ, ‘ಉಲ್ಲೇಖ ಬೇಕು’ ಎಂದು ಅಂಟಿಸುವ ಚೀಟಿಯಿಂದ. ಹೀಗೆ ಅಕ್ಷರದಲ್ಲೇ ಪರಿಚಯವಾದವರು ಆಗಾಗ ಎದುರುಬದುರು ಕೂರುವುದೂ ಉಂಟು. ಬೆಂಗಳೂರಿನಲ್ಲಿ ಸಮ್ಮಿಲನಗಳಾಗಿವೆ, 2016ರ ಫೆಬ್ರವರಿಯಲ್ಲಿ ಮಂಗಳೂರಿನಲ್ಲಿ ಹದಿಮೂರನೆಯ ವರ್ಷಾಚರಣೆಯೇ ನಡೆಯಿತು. ನನ್ನ ಭೇಟಿಗೆ ಅಂಥ ಕಾರ್ಯಕ್ರಮದ ನೆಪವಿರಲಿಲ್ಲ. ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿನಲ್ಲಿ ಮೂರು ಜನ ಸಿಗುವುದು ಎಂದು ಮಾತಾಗಿತ್ತು.

ಅವರಲ್ಲಿ ಒಬ್ಬರು ನನಗೆ ಬಹುಕಾಲದ ಗುರು. ಕಾಡುಗಿಡಗಳ ಬಗ್ಗೆ ನಾನು ಬರೆದದ್ದರಲ್ಲಿ ಅವರ ಕತ್ತರಿಗೆ ಸಿಗದ ಸಾಲು ಕಡಿಮೆ. ಬರಹದಲ್ಲಿ ಮಿಂಚಿನಂಥ ಚುರುಕು, ಒಂದು ಮಾತಿಗೆ ಎರಡು ಉತ್ತರ. ಆದರೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ಅರ್ಧ ಗಂಟೆ ಬಿಟ್ಟು ‘ಏನು ವಿಷಯ? ಬರೆದು ಕಳಿಸಿ’ ಎಂಬ ಸಂದೇಶ ಬರುತ್ತಿತ್ತು. ಪೇಟೆಯವರ ಬಿಗುಮಾನ ಇರಬೇಕು ಎಂದು ನಮ್ಮಲ್ಲಿ ಕೆಲವರ ಅಭಿಪ್ರಾಯ. ಮೆಜೆಸ್ಟಿಕ್‌ನಿಂದ ಮೆಟ್ರೊ ಹಿಡಿದು ಎಂ.ಜಿ. ರಸ್ತೆಯಲ್ಲಿ ಇಳಿದು ನಾನು ಹೋಗುವಷ್ಟರಲ್ಲಿ ಅವರು ಬಂದು ಕೂತಿದ್ದರು. ನಿವೃತ್ತ ಶಿಕ್ಷಕಿ, ನೂಲಿನ ಸೀರೆ, ಮಡಿಲಲ್ಲಿ ಬಟ್ಟೆಯ ಚೀಲ. ನಾನು ಎದುರಿನ ಕುರ್ಚಿ ಎಳೆಯಹೊರಟರೆ ಕೈ ಹಿಡಿದು ತಮ್ಮ ಎಡ ಪಕ್ಕಕ್ಕೆ ಕೂರಿಸಿಕೊಂಡರು. “ಈ ಕಡೆ ಬಾಮ್ಮ, ಆ ಕಿವಿ ಪೂರಾ ಹೋಗಿದೆ. ಇದರಲ್ಲಿ ಯಂತ್ರ ಹಾಕ್ಕೊಂಡ್ರೆ ಅಷ್ಟಿಷ್ಟು ಕೇಳ್ಸುತ್ತೆ” ಎಂದರು.

ಸುತ್ತ ತಟ್ಟೆ ಲೋಟಗಳ ಸದ್ದು, ಪಕ್ಕದ ಮೇಜಿನ ನಗು. ನಾನು ಹೇಳಿದ್ದನ್ನು ಅವರು ತುಟಿ ನೋಡಿ ಹಿಡಿಯುತ್ತಿದ್ದರು, ತಪ್ಪಿದ್ದನ್ನು ಮತ್ತೊಮ್ಮೆ ಕೇಳುತ್ತಿದ್ದರು. ಬಿಳಿ ಉಡುಪಿನ ಬಡಿಸುವವರು ಕಾಫಿ ತಂದಿಟ್ಟಾಗ, “ನಿಮ್ಮೂರಿನ ಕಡೆಯದೇ ಇರಬೇಕು, ಕುಡಿ” ಎಂದು ಲೋಟ ನನ್ನ ಕಡೆ ಸರಿಸಿದರು. ಚೀಲದಿಂದ ಒಂದು ನೋಟ್ ಪುಸ್ತಕ ತೆಗೆದರು. ನಾನು ಕಳಿಸಿದ ಗಿಡಗಳ ಹೆಸರುಗಳೆಲ್ಲ ಅದರಲ್ಲಿ ಇದ್ದವು, ಪ್ರತಿ ಹೆಸರಿನ ಪಕ್ಕ ಅವರು ಗ್ರಂಥಾಲಯದಲ್ಲಿ ಕೂತು ತಾಳೆ ನೋಡಿದ ಪುಸ್ತಕ, ಪುಟ. ಚರ್ಚೆ ಪುಟದಲ್ಲಿ ಒಂದೇ ಸಾಲಿನಲ್ಲಿ ‘ತಪ್ಪು, ತಿದ್ದಿದೆ’ ಎಂದು ಬರುತ್ತಿದ್ದ ಮಾತಿನ ಹಿಂದೆ ಇಷ್ಟು ಹೊತ್ತಿನ ಕೆಲಸ ಕೂತಿತ್ತು. ಬರಹದಲ್ಲಿ ಅವರಿಗೆ ಅಷ್ಟು ಚುರುಕು ಏಕೆ ಬಂತು ಎಂಬುದೂ ಆಗ ತಿಳಿಯಿತು. ಕಿವಿಯ ಹಂಗಿಲ್ಲದೆ ಅವರು ಎಲ್ಲರ ಸಮಕ್ಕೆ ನಿಂತು ಮಾತಾಡಬಹುದಾದ ಜಾಗ ಅದೊಂದೇ.

ಇಲ್ಲಿ ಗಾದೆಯ ಕಡೆಗೆ ಮತ್ತೆ ನೋಡಬೇಕೆನಿಸುತ್ತದೆ. ದೂರದಿಂದ ನುಣ್ಣಗೆ ಕಾಣುವುದಾದರೂ ಏನು? ಕುದುರೆಮುಖದ ಸಾಲನ್ನು ದೂರದಿಂದ ನೋಡಿದರೆ ಕಣ್ಣಿಗೆ ಬೀಳುವುದು ಇಳಿಜಾರಿನ ಹುಲ್ಲು. ಕಣ್ಣಿಗೆ ಹಾಯೆನಿಸುವ ಹಸಿರು ಅದು. ಹುಲ್ಲುಗುಡ್ಡಗಳು ಒಂದನ್ನೊಂದು ಸೇರುವ ಮಡಿಕೆಗಳಲ್ಲಿ ಶೋಲಾ ಕಾಡು ಇದೆ, ಹತ್ತಿರ ಹೋದ ಹೊರತು ಅದರ ಒಳಗು ಕಾಣುವುದಿಲ್ಲ. ಒಳಗೆ ಕುಳ್ಳ ಮರ, ಪಾಚಿ ಕಟ್ಟಿದ ಕಲ್ಲು, ಕೊಳೆತ ಎಲೆ, ಉಂಬಳ. ಕಾಲಿಡಲು ಕಷ್ಟ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಗಳಿಗೆ ಬಿಡುವುದು ಆ ಮಡಿಕೆಗಳೇ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ನೆಮ್ಮಾರಿನ ಮುಂದೆ ಹಾದುಹೋಗುವಾಗ ಅವಳ ಒಡಲಲ್ಲಿರುವುದು ಇಂಥ ಹಳ್ಳಗಳ ನೀರು. ಬೆಟ್ಟ ನಿಜವಾಗಿ ನುಣ್ಣಗಿದ್ದಿದ್ದರೆ ಬಿದ್ದ ಮಳೆ ಒಂದೇ ದಿನದಲ್ಲಿ ಜಾರಿಹೋಗಿ ನಮ್ಮ ತೋಟಗಳು ಒಣಗುತ್ತಿದ್ದವು.

ಗಾಯಗಳೂ ಹತ್ತಿರದಿಂದಲೇ ಕಾಣುವುದು. ಇದೇ ಬೆಟ್ಟಸಾಲಿನ ಒಡಲಲ್ಲಿ ವರ್ಷಾನುವರ್ಷ ಕಬ್ಬಿಣದ ಅದಿರು ಅಗೆದರು. ಸುಪ್ರೀಂ ಕೋರ್ಟಿನ ತೀರ್ಪಿನಿಂದ 2005ರ ಕೊನೆಗೆ ಗಣಿ ನಿಂತಿತು. ಹೆದ್ದಾರಿಯಲ್ಲಿ ಕಾರಿನ ಕಿಟಕಿಯಿಂದ ಹಸಿರು ನೋಡಿ ಹೋಗುವವರಿಗೆ ಆ ಕಥೆ ಗೊತ್ತಾಗುವುದಿಲ್ಲ, ಬೆಟ್ಟವೂ ತಾನಾಗಿ ಹೇಳುವುದಿಲ್ಲ. ಮನುಷ್ಯರೂ ಅಷ್ಟೆ. ಒರಟು ಕಂಡಲ್ಲಿ ಮೋಸಹೋದೆವು ಎಂದು ಹಿಂತಿರುಗುವವರು ಹುಲ್ಲಿನ ಅಂಚಿನವರೆಗೆ ಮಾತ್ರ ಹೋಗಿ ಬಂದವರು ಎಂದು ನನ್ನ ಗಟ್ಟಿ ನಂಬಿಕೆ.

ಮೂರನೆಯವರ ವಿಷಯ ಹೇಳಿಬಿಡುತ್ತೇನೆ. ನಮ್ಮ ವಿಕಿಪೀಡಿಯ ಗೆಳೆಯರ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದ ಯುವಕ ಆತ. ಎದುರಿಗೆ ಬಂದಾಗ ಎರಡು ಮಾತಿಗೆ ಒಂದು ಮುಗುಳ್ನಗೆ, ಮಿಕ್ಕ ಹೊತ್ತು ಫೋನಿನ ಕಡೆ ಕಣ್ಣು. ಬೇಗ ಎದ್ದು ಹೋದ. ನಾನು ಊರಿಗೆ ಬಂದ ಮೇಲೆ ನೋಡಿದರೆ ಗುಂಪಿನಲ್ಲಿ ಆತ ಮತ್ತೆ ಅದೇ ಹಳೆಯ ಮಾತಿನ ಮಲ್ಲ. ಕೆಲವರಿಗೆ ದೂರವೇ ಹಿತ, ಅದಕ್ಕೆ ನೊಂದುಕೊಳ್ಳುವುದು ಬೇಡ. ಶಿಖರಕ್ಕೆ ಹೋದವರೂ ಪ್ರತಿ ಮಡಿಕೆಗೆ ಇಳಿಯುವುದಿಲ್ಲವಲ್ಲ.

ಗಾದೆಯಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಸಂಗತಿ ಇದೆ. ನೋಡುವವರು ತಾವು ಬಯಲಲ್ಲಿ ನಿಂತಿದ್ದೇವೆ ಎಂದು ಭಾವಿಸುತ್ತಾರೆ. ಆಚೆಯವರ ಕಣ್ಣಿಗೆ ಅವರೂ ಒಂದು ದೂರದ ಬೆಟ್ಟವೇ. ಆ ಶಿಕ್ಷಕಿಯ ಮನಸ್ಸಿನಲ್ಲಿ ನಾನು ತುಂಗೆಯ ದಡದಲ್ಲಿ, ಮಂಜಿನ ನಡುವೆ, ಹಕ್ಕಿಯ ಕೂಗು ಕೇಳುತ್ತ ಬರೆಯುವವಳು. ಎಲೆಚುಕ್ಕಿ ರೋಗ ತಗುಲಿ ಅಡಿಕೆ ಸೋಗೆ ಒಣಗಿ ಜೋತುಬಿದ್ದಿರುವ ತೋಟವನ್ನು ನಾನು ಎಂದೂ ಅವರಿಗೆ ತೋರಿಸಿರಲಿಲ್ಲ. ವರ್ಷದಿಂದ ವರ್ಷಕ್ಕೆ ಇಳಿಯುವ ಫಸಲಿನ ಮಾತು ಎತ್ತಿರಲಿಲ್ಲ. ಅಂದು ಕಾಫಿ ಹೌಸಿನಲ್ಲಿ ಅವರ ಎಡಗಿವಿಗೆ ಬಾಯಿಟ್ಟು, ಸ್ವಲ್ಪ ಗಟ್ಟಿಯಾಗಿಯೇ ಅದನ್ನೆಲ್ಲ ಹೇಳಿದೆ. ಪಕ್ಕದ ಮೇಜಿನವರಿಗೂ ಕೇಳಿಸಿರಬೇಕು. ಅವರು ನೋಟ್ ಪುಸ್ತಕದ ಹೊಸ ಪುಟ ತೆರೆದು ‘ಎಲೆಚುಕ್ಕಿ’ ಎಂದು ಬರೆದುಕೊಂಡು, ಯಾವ ತಿಂಗಳಲ್ಲಿ ಶುರುವಾಗುತ್ತದೆ, ಮೊದಲು ಯಾವ ಎಲೆಗೆ ಬರುತ್ತದೆ ಎಂದು ಒಂದೊಂದಾಗಿ ಕೇಳತೊಡಗಿದರು.

ಈಗ ಅವರು ನೆಮ್ಮಾರಿಗೆ ಬರುವವರಿದ್ದಾರೆ. ಆಷಾಢ, ಶ್ರಾವಣದಲ್ಲಿ ಬೇಡ, ಕೆರೆಕಟ್ಟೆಯ ಮಳೆ ಆಗುಂಬೆಗೆ ಸರಿಸಾಟಿ, ದೀಪಾವಳಿ ಕಳೆದ ಮೇಲೆ ಬನ್ನಿ ಎಂದಿದ್ದೇನೆ. ಶೃಂಗೇರಿಯಲ್ಲಿ ಇಳಿದು ಶಾರದೆಯ ದರ್ಶನ ಮಾಡಿ, ಮಠದಲ್ಲಿ ಊಟ ಮುಗಿಸಿದರೆ ಮಧ್ಯಾಹ್ನದ ಬಸ್ಸಿಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ದೊಡ್ಡಮ್ಮ ಆಗಲೇ ಕೆಳಗಿನ ಕೋಣೆ ಖಾಲಿ ಮಾಡಿಸಿದ್ದಾರೆ, ಮೆಟ್ಟಿಲು ಹತ್ತುವುದು ಬೇಡ ಎಂದು. ಕಿವಿಯ ಯಂತ್ರಕ್ಕೆ ಹಾಕುವ ಸಣ್ಣ ಸೆಲ್ ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ, ನಾಲ್ಕು ಹೆಚ್ಚಿಗೇ ತನ್ನಿ ಎಂದು ಮೊನ್ನೆ ಗುಡ್ಡ ಹತ್ತಿ ಸಂದೇಶ ಹಾಕಿ ಬಂದೆ.